ಕ್ಯಾಮೆರಾಗೆ ಸಿಗದ ಚಾಂಪಿಯನ್: ಜಿಮ್ ಕ್ಲಾರ್ಕ್ ಬದುಕು, ಕಳೆದುಹೋದ ದೃಶ್ಯಗಳು ಮತ್ತು ಒಂದಿಷ್ಟು ರಾಜಕೀಯ

1968ರ ಏಪ್ರಿಲ್ 7, ಭಾನುವಾರ. ಪಶ್ಚಿಮ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ 2 ರೇಸ್ ನಡೀತಿತ್ತು. ಮಳೆಗೆ ರಸ್ತೆ ಒದ್ದೆಯಾಗಿತ್ತು. ಐದನೇ ಸುತ್ತಿನಲ್ಲಿ ಒಂದು ಕಾರು ನೇರ ರಸ್ತೆಯಲ್ಲೇ ಹಿಡಿತ ತಪ್ಪಿ ಪಕ್ಕದ ಕಾಡಿಗೆ ನುಗ್ಗಿ ಮರಕ್ಕೆ ಅಪ್ಪಳಿಸಿತು. ಅಲ್ಲಿ ತಡೆಬೇಲಿ ಇರಲಿಲ್ಲ. ಪ್ರೇಕ್ಷಕರೂ ಇರಲಿಲ್ಲ, ಟಿವಿ ಕ್ಯಾಮೆರಾವೂ ಇರಲಿಲ್ಲ. ಕಾರಿನಲ್ಲಿದ್ದವನು ಜಿಮ್ ಕ್ಲಾರ್ಕ್, ಆ ಕಾಲದಲ್ಲಿ ಜಗತ್ತಿನ ಅತಿ ವೇಗದ ಚಾಲಕ. ವಯಸ್ಸು 32.

ಅದಕ್ಕೆ ಮೂರು ದಿನ ಮೊದಲು, ಏಪ್ರಿಲ್ 4ರಂದು, ಅಮೆರಿಕದ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿತ್ತು. ಇಡೀ ಜಗತ್ತೇ ಕುದಿಯುತ್ತಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಸತ್ತ ಒಬ್ಬ ರೇಸ್ ಚಾಲಕನ ಬಗ್ಗೆ ಇವತ್ತು ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಕ್ಲಾರ್ಕ್ ರೇಸ್‌ಗೆ ಇಳಿದಿದ್ದು ಮತ್ತು ಟಿವಿ ಮನೆಮನೆಗೆ ಬಂದಿದ್ದು ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ. ಹಾಗಿದ್ದೂ ಅವನ ರೇಸ್‌ಗಳನ್ನು ಮೊದಲಿಂದ ಕೊನೆಯವರೆಗೆ ನೋಡೋಣ ಅಂತ ಹುಡುಕಿದರೆ ಕೈಗೆ ಸಿಗೋದು ಬರೀ ತುಣುಕುಗಳು. ಇದರಲ್ಲಿ ಆಕಸ್ಮಿಕವಾಗಿ ಆದದ್ದು ಕಡಿಮೆ. ಎಲ್ಲೋ ಒಂದು ಸರ್ಕಾರ, ಎಲ್ಲೋ ಒಬ್ಬ ಮೈದಾನದ ಮಾಲೀಕ, ಎಲ್ಲೋ ಒಂದು ಟಿವಿ ಕಚೇರಿಯ ಬಜೆಟ್, ಹೀಗೆ ಯಾರೋ ಕೂತು ಮಾಡಿದ ತೀರ್ಮಾನಗಳಿಂದಲೇ ಹೆಚ್ಚಿನದು ಆಗಿದ್ದು. ಕ್ಲಾರ್ಕ್ ಬದುಕನ್ನು ಹಿಂಬಾಲಿಸಿದರೆ ಈ ತೀರ್ಮಾನಗಳು ಒಂದೊಂದಾಗಿ ಎದುರಾಗುತ್ತವೆ.

ಕುರಿ ಸಾಕುವವರ ಮನೆಯ ಹುಡುಗ

ಜಿಮ್ ಕ್ಲಾರ್ಕ್ ಹುಟ್ಟಿದ್ದು 1936ರ ಮಾರ್ಚ್ 4ರಂದು, ಸ್ಕಾಟ್ಲೆಂಡಿನ ಫೈಫ್ ಸೀಮೆಯ ಕಿಲ್ಮೆನಿಯಲ್ಲಿ. ರೈತ ಕುಟುಂಬ. ನಾಲ್ಕು ಜನ ಅಕ್ಕಂದಿರ ನಂತರ ಹುಟ್ಟಿದ ಒಬ್ಬನೇ ಮಗ. ಅವನು ಚಿಕ್ಕವನಿದ್ದಾಗಲೇ ಕುಟುಂಬ ಇಂಗ್ಲೆಂಡ್ ಗಡಿಗೆ ಹತ್ತಿರದ ಚರ್ನ್‌ಸೈಡ್ ಬಳಿಯ ಎಡಿಂಗ್ಟನ್ ಮೇನ್ಸ್ ಅನ್ನೋ ದೊಡ್ಡ ಜಮೀನಿಗೆ ಬಂತು. ಬಡತನವೇನೂ ಇರಲಿಲ್ಲ, ಖಾಸಗಿ ಶಾಲೆಗೆ ಕಳಿಸುವಷ್ಟು ಅನುಕೂಲವಿತ್ತು. ಆದರೆ 16ಕ್ಕೇ ಶಾಲೆ ಬಿಟ್ಟು ಜಮೀನು, ಕುರಿ, ಟ್ರ್ಯಾಕ್ಟರ್ ನೋಡಿಕೊಳ್ಳಲು ನಿಂತ.

ಮಗ ರೇಸ್ ಓಡಿಸೋದು ಮನೆಯವರಿಗೆ ಸುತರಾಂ ಇಷ್ಟವಿರಲಿಲ್ಲ. ಒಬ್ಬನೇ ಮಗ, ಜಮೀನು ಯಾರು ನೋಡಬೇಕು? ಆದರೂ 1956ರಲ್ಲಿ ಗೆಳೆಯ ಇಯಾನ್ ಸ್ಕಾಟ್ ವಾಟ್ಸನ್ ಅವರ ಡಿಕೆಡಬ್ಲ್ಯೂ ಕಾರಿನಲ್ಲಿ ಮೊದಲ ಸಲ ರೇಸ್‌ಗೆ ಇಳಿದ. ಆಮೇಲೆ ಬಾರ್ಡರ್ ರೀವರ್ಸ್ ಅನ್ನೋ ಸ್ಥಳೀಯ ತಂಡ. 1958ರ ಕ್ರಿಸ್‌ಮಸ್ ಮಾರನೇ ದಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ನಡೆದ ರೇಸ್‌ನಲ್ಲಿ ಲೋಟಸ್ ಕಂಪನಿಯ ಮಾಲೀಕ ಕಾಲಿನ್ ಚಾಪ್ಮನ್ ಅವರಿಗೇ ಸರಿಸಾಟಿಯಾಗಿ ಓಡಿಸಿ ಎರಡನೇ ಸ್ಥಾನಕ್ಕೆ ಬಂದ. ಚಾಪ್ಮನ್ ಈ ಹುಡುಗನನ್ನು ನೆನಪಿಟ್ಟುಕೊಂಡರು. 1960ರಲ್ಲಿ ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಕ್ಲಾರ್ಕ್ ಲೋಟಸ್ ಪರವಾಗಿ ಮೊದಲ ಫಾರ್ಮುಲಾ 1 ರೇಸ್ ಓಡಿಸಿದ. ಸಾಯುವವರೆಗೂ ಫಾರ್ಮುಲಾ 1ರಲ್ಲಿ ಬೇರೆ ತಂಡದ ಮುಖ ನೋಡಲಿಲ್ಲ.

ಆಗಿನ ಈ ಕಾರುಗಳು ಹೇಗಿದ್ದವು ಗೊತ್ತಾ? ಉದ್ದನೆಯ ಸಿಗಾರ್ ಆಕಾರದ ಒಡಲು, ನಾಲ್ಕೂ ಚಕ್ರ ಒಡಲಿನಿಂದ ಹೊರಗೆ, ಚಾಲಕನ ತಲೆ ಬಯಲಲ್ಲಿ, ಅಕ್ಕಪಕ್ಕ ಪೂರ್ತಿ ಪೆಟ್ರೋಲ್ ಟ್ಯಾಂಕ್. ಕ್ಲಾರ್ಕ್ ಬಂದ ಕಾಲಕ್ಕೆ ಸೀಟ್‌ಬೆಲ್ಟ್ ಹಾಕಿಕೊಳ್ಳುವ ರೂಢಿಯೂ ಇರಲಿಲ್ಲ. ಬೆಂಕಿ ಹತ್ತಿದರೆ ಒಳಗೆ ಸಿಕ್ಕಿಕೊಳ್ಳೋದಕ್ಕಿಂತ ಹೊರಗೆ ಎಸೆಯಲ್ಪಡೋದೇ ವಾಸಿ ಅಂತ ಎಷ್ಟೋ ಚಾಲಕರು ನಂಬಿದ್ದರು.

ಅವನ ಎರಡನೇ ಫಾರ್ಮುಲಾ 1 ರೇಸ್ ಬೆಲ್ಜಿಯಂನ ಸ್ಪಾದಲ್ಲಿ. ಅದೇ ಒಂದು ರೇಸ್‌ನಲ್ಲಿ ಕ್ರಿಸ್ ಬ್ರಿಸ್ಟೋ ಮತ್ತು ಅಲನ್ ಸ್ಟೇಸಿ ಎಂಬ ಇಬ್ಬರು ಯುವ ಚಾಲಕರು ಸತ್ತರು. ಸ್ಟೇಸಿ ಕ್ಲಾರ್ಕ್‌ನ ತಂಡದವನೇ, ಹಕ್ಕಿಯೊಂದು ಮುಖಕ್ಕೆ ಬಡಿದು ಸತ್ತ ಅಂತ ಹೇಳುತ್ತಾರೆ. ಕ್ಲಾರ್ಕ್ ಐದನೆಯವನಾಗಿ ಗುರಿ ಮುಟ್ಟಿದ. ಮೊದಲ ಚಾಂಪಿಯನ್‌ಶಿಪ್ ಅಂಕಗಳು ಬಂದಿದ್ದು ಹೀಗೆ. ಸ್ಪಾ ಅಂದ್ರೆ ಅವನಿಗೆ ಜೀವನಪೂರ್ತಿ ಅಸಹ್ಯ. ಆದರೆ 1962ರಿಂದ 1965ರವರೆಗೆ ಸತತ ನಾಲ್ಕು ಸಲ ಅಲ್ಲೇ ಗೆದ್ದ.

ಮೊಂಝಾ: ಕ್ಯಾಮೆರಾ ಸಾಕ್ಷಿಯಾದಾಗ

1961ರ ಸೆಪ್ಟೆಂಬರ್ 10, ಇಟಲಿಯ ಮೊಂಝಾ. ರೇಸ್ ಶುರುವಾಗಿ ಇನ್ನೂ ಎರಡನೇ ಸುತ್ತು. ಫೆರಾರಿ ತಂಡದ ವೋಲ್ಫ್‌ಗ್ಯಾಂಗ್ ಫಾನ್ ಟ್ರಿಪ್ಸ್ ಆ ವರ್ಷದ ಚಾಂಪಿಯನ್ ಆಗುವ ಹೊಸ್ತಿಲಲ್ಲಿದ್ದ. ಅವನ ಕಾರು ಕ್ಲಾರ್ಕ್‌ನ ಲೋಟಸ್‌ಗೆ ತಗುಲಿತು. ಫೆರಾರಿ ದಿಬ್ಬದ ಮೇಲೆ ಹಾರಿ, ತಂತಿಬೇಲಿಗೆ ಒತ್ತಿಕೊಂಡು ನಿಂತಿದ್ದ ಜನರ ಮೇಲೆ ಬಿತ್ತು. ಟ್ರಿಪ್ಸ್ ಸತ್ತ. ಜೊತೆಗೆ 15 ಮಂದಿ ಪ್ರೇಕ್ಷಕರು ಸತ್ತರು. ರೇಸ್ ನಿಲ್ಲಿಸಲಿಲ್ಲ.

ಆ ಅಪಘಾತದ ಚಲಿಸುವ ದೃಶ್ಯಗಳು ಇವತ್ತಿಗೂ ಇವೆ. ಇಟಲಿಯ ತನಿಖೆ ಕ್ಲಾರ್ಕ್‌ನನ್ನು ಬಹಳ ಕಾಲ ಬಿಡಲಿಲ್ಲ. ಅವನ ಮೇಲೆ ಕೊನೆಗೆ ಯಾವ ಅಪರಾಧವೂ ಸಾಬೀತಾಗಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ದೃಶ್ಯ ಇದ್ದಾಗ ಇಬ್ಬರು ಚಾಲಕರಲ್ಲಿ ತಪ್ಪು ಯಾರದು ಅಂತ ಎಲ್ಲರೂ ಕೇಳಿದರು. ಕಾರು ಗಂಟೆಗೆ 200 ಕಿಲೋಮೀಟರ್ ದಾಟಿ ಓಡುವ ರಸ್ತೆಯ ಅಂಚಿಗೆ ಸಾವಿರಾರು ಜನರನ್ನು ಟಿಕೆಟ್ ಕೊಟ್ಟು ನಿಲ್ಲಿಸಿದ್ದು ಯಾರು ಅನ್ನೋ ಪ್ರಶ್ನೆಗೆ ಅಷ್ಟು ಒತ್ತು ಸಿಗಲಿಲ್ಲ. ಕ್ಯಾಮೆರಾ ತೋರಿಸಿದ್ದು ಎರಡು ಕಾರುಗಳನ್ನು. ಅದರ ಹಿಂದಿನ ವ್ಯವಸ್ಥೆ ಚೌಕಟ್ಟಿನೊಳಗೆ ಬರಲೇ ಇಲ್ಲ. ಕಾಲ್ತುಳಿತವೋ ಸೇತುವೆ ಕುಸಿತವೋ ಆದಾಗಲೆಲ್ಲ ವೈರಲ್ ವಿಡಿಯೊ ನೋಡಿ ಯಾರೋ ಒಬ್ಬನ ಮೇಲೆ ಮುಗಿಬೀಳುವ ನಮಗೆ ಇದು ಹೊಸದೇನಲ್ಲ, ಅಲ್ವಾ?

ಟಿವಿಯನ್ನೇ ಬೇಡ ಅಂದ ದೇಶ

1962ರಲ್ಲಿ ಲೋಟಸ್ 25 ಬಂತು. ಕೊಳವೆಗಳ ಹಂದರ ಬಿಟ್ಟು, ತಗಡಿನ ಹೊದಿಕೆಯೇ ಇಡೀ ಕಾರಿನ ಭಾರ ಹೊರುವ ಹಾಗೆ ಮಾಡಿದ ಮೊದಲ ಫಾರ್ಮುಲಾ 1 ಕಾರು ಅದು. ಚಾಲಕ ಅದರಲ್ಲಿ ಹೆಚ್ಚುಕಮ್ಮಿ ಮಲಗಿಕೊಂಡೇ ಓಡಿಸಬೇಕು. ಆ ವರ್ಷದ ಚಾಂಪಿಯನ್ ಯಾರು ಅನ್ನೋದು ತೀರ್ಮಾನ ಆಗಬೇಕಿದ್ದು ಕೊನೆಯ ರೇಸ್‌ನಲ್ಲಿ, ಡಿಸೆಂಬರ್ 29ರಂದು, ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಪಟ್ಟಣದಲ್ಲಿ. ಕ್ಲಾರ್ಕ್ ಆರಾಮಾಗಿ ಮುಂದಿದ್ದ. ಎಂಜಿನ್ನಿನ ಒಂದು ಚಿಕ್ಕ ಬೋಲ್ಟ್ ಕಳಚಿ ಎಣ್ಣೆ ಸೋರಿತು, ಕಾರು ನಿಂತಿತು. ಗ್ರಹಾಂ ಹಿಲ್ ಚಾಂಪಿಯನ್ ಆದ.

ಅದೇ ವರ್ಷ ಆಗಸ್ಟ್‌ನಲ್ಲಿ ನೆಲ್ಸನ್ ಮಂಡೇಲಾ ಅವರ ಬಂಧನವಾಗಿತ್ತು. ಈಸ್ಟ್ ಲಂಡನ್ ಇರೋದು ಮಂಡೇಲಾ ಹುಟ್ಟಿ ಬೆಳೆದ ಪೂರ್ವ ಕೇಪ್ ಸೀಮೆಯಲ್ಲೇ. 1963ರ ಡಿಸೆಂಬರ್‌ನಲ್ಲಿ ಕ್ಲಾರ್ಕ್ ಮತ್ತೆ ಅಲ್ಲಿಗೆ ಬಂದು ಗೆದ್ದಾಗ, ಮಂಡೇಲಾ ಮತ್ತವರ ಸಂಗಾತಿಗಳ ಮೇಲೆ ರಿವೋನಿಯಾ ಮೊಕದ್ದಮೆ ನಡೀತಿತ್ತು. 1965ರ ಜನವರಿ 1ರಂದು ಅಲ್ಲೇ ಇನ್ನೊಮ್ಮೆ ಗೆದ್ದಾಗ ಮಂಡೇಲಾ ರಾಬೆನ್ ದ್ವೀಪದಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದರು. ಸಾರ್ವಜನಿಕ ಜಾಗಗಳಲ್ಲಿ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಅನ್ನೋ ಕಾನೂನು 1953ರಿಂದಲೇ ಜಾರಿಯಲ್ಲಿತ್ತು.

ಈ ರೇಸ್‌ಗಳನ್ನು ಆ ದೇಶದ ಒಬ್ಬೇ ಒಬ್ಬ ಪ್ರಜೆಯೂ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಲಿಲ್ಲ. ಯಾಕಂದ್ರೆ ದಕ್ಷಿಣ ಆಫ್ರಿಕಾದಲ್ಲಿ ಟಿವಿಯೇ ಇರಲಿಲ್ಲ! ಬಡ ದೇಶ ಅಂತಲ್ಲ, ದುಡ್ಡು ಬೇಕಾದಷ್ಟಿತ್ತು. ವರ್ಣಭೇದದ ಸರ್ಕಾರಕ್ಕೆ ಟಿವಿ ಬೇಕಿರಲಿಲ್ಲ, ಅಷ್ಟೇ. ಅಂಚೆ ಮತ್ತು ತಂತಿ ಖಾತೆಯ ಮಂತ್ರಿಯಾಗಿದ್ದ ಆಲ್ಬರ್ಟ್ ಹೆರ್ಟ್‌ಜೋಗ್ ಇದರ ಕಟ್ಟಾ ವಿರೋಧಿ. ಹೊರಗಿನ ಚಿತ್ರಗಳು ಬಂದರೆ ಕರಿಯರ ತಲೆಯಲ್ಲಿ ಸಮಾನತೆಯ ಯೋಚನೆ ಬರುತ್ತದೆ, ಬಿಳಿಯರ ಮಕ್ಕಳು ಕೆಡುತ್ತಾರೆ ಅನ್ನೋ ಭಯ ಆ ಆಡಳಿತಕ್ಕೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದನ್ನು ಜಗತ್ತು ನೇರವಾಗಿ ನೋಡಿತು, ಆ ದೇಶ ನೋಡಲಿಲ್ಲ. ಅಲ್ಲಿ ಟಿವಿ ಅಧಿಕೃತವಾಗಿ ಶುರುವಾಗಿದ್ದು 1976ರ ಜನವರಿಯಲ್ಲಿ.

ಇವತ್ತು ಸರ್ಕಾರಗಳು ಇಂಟರ್ನೆಟ್ ಬಂದ್ ಮಾಡುತ್ತವೆ. ಅಂದು ಒಂದು ಸರ್ಕಾರ ಒಂದಿಡೀ ಮಾಧ್ಯಮವನ್ನೇ ವರ್ಷಗಟ್ಟಲೆ ಬಾಗಿಲ ಹೊರಗೆ ನಿಲ್ಲಿಸಿತ್ತು. ಅಲ್ಲಿ ನಡೆದ ಕ್ಲಾರ್ಕ್‌ನ ರೇಸ್‌ಗಳಿಗೆ ಟಿವಿ ದಾಖಲೆ ಹುಡುಕುವವರು ಮೊದಲು ಈ ನೀತಿಯನ್ನು ನೆನಪಿಸಿಕೊಳ್ಳಬೇಕು.

ಕ್ಲಾರ್ಕ್ ಇದನ್ನೆಲ್ಲ ಪ್ರಶ್ನಿಸಿದ್ದನಾ? ಅವನು ಸಾರ್ವಜನಿಕವಾಗಿ ರಾಜಕೀಯಕ್ಕೆ ನಿಂತವನಲ್ಲ. ನಾಚಿಕೆ ಸ್ವಭಾವ, ಉಗುರು ಕಚ್ಚೋ ಚಟ, ಮೈಕು ಕಂಡರೆ ಹಿಂಜರಿಕೆ. ಬೇರೆ ಚಾಲಕರು, ತಂಡಗಳು, ಆಯೋಜಕರು ಎಲ್ಲರೂ ಹೋದರು, ಅವನೂ ಹೋದ. ಆ ದೇಶದ ಗ್ರ್ಯಾನ್ ಪ್ರಿಯನ್ನು ಒಟ್ಟು ನಾಲ್ಕು ಸಲ ಗೆದ್ದ. 1964ರ ಟೋಕಿಯೊ ಒಲಿಂಪಿಕ್ಸ್‌ನಿಂದ ದಕ್ಷಿಣ ಆಫ್ರಿಕಾವನ್ನು ಹೊರಗಿಟ್ಟಿದ್ದರು. ಭಾರತ 1946ರಲ್ಲೇ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ನಮ್ಮ ಟೆನಿಸ್ ತಂಡ, ಎದುರಾಳಿ ದಕ್ಷಿಣ ಆಫ್ರಿಕಾ ಅನ್ನೋ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು. ಫಾರ್ಮುಲಾ 1 ಮಾತ್ರ 1985ರವರೆಗೂ ಅಲ್ಲಿ ರೇಸ್ ನಡೆಸಿತು. ಕ್ಲಾರ್ಕ್‌ನನ್ನು ಮೆಚ್ಚುವವರು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿ ಬಿಡುತ್ತಾರೆ. ಹಾರಿಸಬಾರದು. ಅವನೊಬ್ಬನ ತಲೆಗೆ ಎಲ್ಲ ಕಟ್ಟೋದೂ ಸರಿಯಲ್ಲ.

ಇಂಡಿಯಾನಾಪೊಲಿಸ್: ನೋಡಬೇಕಾ? ದುಡ್ಡು ಕೊಡಿ

1963ರಲ್ಲಿ ಕ್ಲಾರ್ಕ್ ಹತ್ತರಲ್ಲಿ ಏಳು ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದ. ಆ ವರ್ಷ ಸ್ಪಾದಲ್ಲಿ ಸುರಿಯೋ ಮಳೆಯಲ್ಲಿ ಎಂಟನೇ ಸ್ಥಾನದಿಂದ ಹೊರಟು ಹೆಚ್ಚುಕಮ್ಮಿ ಐದು ನಿಮಿಷದ ಅಂತರದಿಂದ ಗೆದ್ದ. ಅದೂ ಗೇರ್ ಪದೇ ಪದೇ ಕಳಚಿಕೊಳ್ಳುತ್ತಿದ್ದಾಗ, ಒಂದು ಕೈಯಲ್ಲಿ ಗೇರ್ ಹಿಡಿದು ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಾ! ಆಗಿನ ಸ್ಪಾ ಒಂದು ಸುತ್ತಿಗೆ 14 ಕಿಲೋಮೀಟರ್. ಅಷ್ಟು ಉದ್ದದ ರಸ್ತೆಗೆ ಸಾಕಾಗುವಷ್ಟು ಕ್ಯಾಮೆರಾ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಆ ರೇಸ್‌ನ ಬಹುಭಾಗವನ್ನು ಕಂಡಿದ್ದು ಕ್ಲಾರ್ಕ್ ಒಬ್ಬನೇ.

ಆಮೇಲೆ ಅಮೆರಿಕ. ಇಂಡಿಯಾನಾಪೊಲಿಸ್ 500 ಅಂದ್ರೆ 200 ಸುತ್ತು, 500 ಮೈಲಿ. ಅಲ್ಲಿನವರು ಎಂಜಿನ್ ಮುಂದಿರುವ ಭಾರೀ ಕಾರುಗಳನ್ನೇ ದಶಕಗಳಿಂದ ಓಡಿಸುತ್ತಿದ್ದರು. ಚಾಪ್ಮನ್ ಮತ್ತು ಕ್ಲಾರ್ಕ್ ಫೋರ್ಡ್ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಹಗುರ ಕಾರು ತಂದರು. 1963ರಲ್ಲಿ ಎರಡನೇ ಸ್ಥಾನ. 1964ರಲ್ಲಿ ಟೈರ್ ಚೂರುಚೂರಾಗಿ, ಅದರ ಅದುರಿಗೆ ಹಿಂದಿನ ಸಸ್ಪೆನ್ಶನ್ ಮುರಿದು ಹೊರಗುಳಿದ. ಅದೇ ರೇಸ್‌ನಲ್ಲಿ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮ್ಯಾಕ್‌ಡೊನಾಲ್ಡ್ ಬೆಂಕಿಗೆ ಬಲಿಯಾದರು.

1965ರ ಮೇ 31ರಂದು ಕ್ಲಾರ್ಕ್ ಗೆದ್ದ. ಹಿಂದಿನ ದಿನವೇ ಇದ್ದ ಮೊನಾಕೊ ಗ್ರ್ಯಾನ್ ಪ್ರಿಯನ್ನು ಇದಕ್ಕಾಗಿ ಬಿಟ್ಟು ಬಂದಿದ್ದ. 200 ಸುತ್ತಿನಲ್ಲಿ 190 ಸುತ್ತು ಅವನೇ ಮುಂದೆ. ಸರಾಸರಿ ವೇಗ ಗಂಟೆಗೆ 150 ಮೈಲಿ ದಾಟಿದ್ದು ಆ ರೇಸ್‌ನ ಇತಿಹಾಸದಲ್ಲೇ ಮೊದಲು. ಹಿಂದೆ ಎಂಜಿನ್ ಇರುವ ಕಾರು ಅಲ್ಲಿ ಗೆದ್ದಿದ್ದೂ ಮೊದಲು. 1916ರ ನಂತರ ಹೊರದೇಶದವನೊಬ್ಬ ಗೆದ್ದಿದ್ದೂ ಅದೇ ಮೊದಲು. ಪಿಟ್‌ನಲ್ಲಿ ಇಂಧನ ತುಂಬಿಸಿದ್ದು ವರ್ಜೀನಿಯಾದ ಗ್ಯಾರೇಜ್ ಅಣ್ಣತಮ್ಮಂದಿರ ತಂಡ, ವುಡ್ ಬ್ರದರ್ಸ್. ಅವರ ಕೈಚಳಕ ಇಲ್ಲದಿದ್ದರೆ ಅಷ್ಟು ಸಲೀಸಾಗಿ ಗೆಲ್ಲೋದು ಆಗ್ತಿರಲಿಲ್ಲ. ಆ ವರ್ಷ ಫಾರ್ಮುಲಾ 1ರಲ್ಲೂ ಆರು ರೇಸ್ ಗೆದ್ದು ಎರಡನೇ ಸಲ ವಿಶ್ವ ಚಾಂಪಿಯನ್ ಆದ. ಒಂದೇ ವರ್ಷ ಇವೆರಡನ್ನೂ ಗೆದ್ದವನು ಇವತ್ತಿಗೂ ಅವನೊಬ್ಬನೇ.

ಇಂಥ ರೇಸ್ ಅಮೆರಿಕದ ಟಿವಿಯಲ್ಲಿ ನೇರ ಪ್ರಸಾರ ಆಗಿರಬೇಕಲ್ಲ? ಆಗಲಿಲ್ಲ.

1949ರಲ್ಲಿ ಇಂಡಿಯಾನಾಪೊಲಿಸ್‌ನ ಡಬ್ಲ್ಯೂಎಫ್‌ಬಿಎಂ ಅನ್ನೋ ಸ್ಥಳೀಯ ಟಿವಿ ಕೇಂದ್ರ ತನ್ನ ಪ್ರಸಾರ ಶುರು ಮಾಡಿದ್ದೇ ಈ ರೇಸನ್ನು ನೇರವಾಗಿ ತೋರಿಸುವ ಮೂಲಕ. 1950ರಲ್ಲೂ ತೋರಿಸಿತು. ಜನ ಮನೆಯಲ್ಲೇ ನೋಡಿದರೆ ಟಿಕೆಟ್ ಯಾರು ಕೊಳ್ತಾರೆ ಅಂತ ಮೈದಾನದ ಆಡಳಿತ ಅದನ್ನು ನಿಲ್ಲಿಸಿತು. ವಿಡಿಯೊ ಟೇಪ್ ಯಂತ್ರ ಮಾರುಕಟ್ಟೆಗೆ ಬಂದಿದ್ದು 1956ರಲ್ಲಿ. ಅದಕ್ಕೂ ಮೊದಲಿನ ನೇರ ಪ್ರಸಾರ ಉಳಿಯಬೇಕಂದ್ರೆ ಟಿವಿ ಪರದೆಯ ಎದುರು ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸಬೇಕಿತ್ತು. ಹಾಗೆ ಮಾಡದ ಪ್ರಸಾರ ಆ ಕ್ಷಣಕ್ಕೇ ಗಾಳಿಯಲ್ಲಿ ಕರಗಿಹೋಗುತ್ತಿತ್ತು.

ಕ್ಲಾರ್ಕ್ ಗೆದ್ದ ವರ್ಷ ನೇರವಾಗಿ ನೋಡಬೇಕಂದ್ರೆ ಎರಡೇ ದಾರಿ. ಮೈದಾನಕ್ಕೆ ಹೋಗಬೇಕು, ಇಲ್ಲವೇ ಚಿತ್ರಮಂದಿರದಲ್ಲಿ ಟಿಕೆಟ್ ಕೊಂಡು ಅಲ್ಲಿಗಷ್ಟೇ ಬರುತ್ತಿದ್ದ ಕ್ಲೋಸ್ಡ್ ಸರ್ಕ್ಯೂಟ್ ಪ್ರಸಾರ ನೋಡಬೇಕು. ಎಬಿಸಿ ವಾಹಿನಿ ಅದೇ ವರ್ಷದಿಂದ ತೋರಿಸಲು ಶುರು ಮಾಡಿತಾದರೂ ಅದು ಆಮೇಲೆ ಕತ್ತರಿಸಿ ಜೋಡಿಸಿದ ಸಂಕ್ಷಿಪ್ತ ರೂಪ. ಇಡೀ ರೇಸ್ ಅಮೆರಿಕದ ಮನೆಗಳಿಗೆ ನೇರವಾಗಿ ಬಂದಿದ್ದು 1986ರಲ್ಲಿ. ಹಕ್ಕು ಯಾರ ಕೈಯಲ್ಲಿದೆಯೋ ಅವರು ಬೇಕೆಂದಾಗ ಕಿಟಕಿ ತೆರೆಯುತ್ತಾರೆ, ಬೇಡವೆಂದಾಗ ಮುಚ್ಚುತ್ತಾರೆ. ಒಟಿಟಿ ಚಂದಾ ಕಟ್ಟಿ ಕ್ರಿಕೆಟ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಳಿಸಿದವರು ಯಾರು?

ಇನ್ನು ರೆಕಾರ್ಡ್ ಆದದ್ದಾದರೂ ಉಳಿಯಿತಾ? ಅದು ಇನ್ನೂ ಬೇಸರದ ಕಥೆ. 1960ರ ದಶಕದ ಎರಡಂಗುಲ ಅಗಲದ ವಿಡಿಯೊ ಟೇಪ್ ಬಹಳ ದುಬಾರಿ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದೇ ಟೇಪನ್ನು ಅಳಿಸಿ ಇನ್ನೊಂದನ್ನು ರೆಕಾರ್ಡ್ ಮಾಡೋದು ಎಲ್ಲ ಕಡೆ ರೂಢಿ. ಬಿಬಿಸಿ ಹೀಗೆ ಡಾಕ್ಟರ್ ಹೂ ಧಾರಾವಾಹಿಯ ಎಷ್ಟೋ ಕಂತುಗಳನ್ನು ಕಳೆದುಕೊಂಡಿತು. ಚಂದ್ರನ ಮೇಲೆ ಮನುಷ್ಯ ಇಳಿದ ರಾತ್ರಿಯ ತನ್ನದೇ ಸ್ಟುಡಿಯೊ ಪ್ರಸಾರವನ್ನೂ ಉಳಿಸಿಕೊಳ್ಳಲಿಲ್ಲ. ನಾಸಾ ಕೂಡ ಆ ಇಳಿತದ ಮೂಲ ಟೇಪುಗಳನ್ನು ಬೇರೆ ಕೆಲಸಕ್ಕೆ ಬಳಸಿಬಿಟ್ಟಿತು. 1967ರ ಮೊದಲ ಸೂಪರ್ ಬೌಲ್ ಪಂದ್ಯವನ್ನು ಅಮೆರಿಕದ ಎರಡು ದೊಡ್ಡ ವಾಹಿನಿಗಳು ತೋರಿಸಿದ್ದವು, ಎರಡೂ ಪೂರ್ತಿ ಟೇಪು ಕಾಪಾಡಲಿಲ್ಲ. ಇಂಥ ಘಟನೆಗಳಿಗೇ ಈ ಗತಿ ಅಂದಮೇಲೆ ಕಾರು ರೇಸ್ ಯಾವ ಲೆಕ್ಕ?

ಫಾರ್ಮುಲಾ 1 ದೃಶ್ಯಗಳಿಗೆ ಇನ್ನೊಂದು ಸಮಸ್ಯೆಯೂ ಇತ್ತು. ಆಗ ಎಲ್ಲ ರೇಸ್‌ಗಳ ಪ್ರಸಾರ ಹಕ್ಕು ಒಂದೇ ಕಡೆ ಇರಲಿಲ್ಲ. ಆಯಾ ದೇಶದ ಆಯೋಜಕರು ಆಯಾ ದೇಶದ ಟಿವಿಯ ಜೊತೆ ಮಾತಾಡಿಕೊಳ್ಳುತ್ತಿದ್ದರು. ಒಂದಷ್ಟನ್ನು ನ್ಯೂಸ್‌ರೀಲ್‌ನವರು ಎರಡು ಮೂರು ನಿಮಿಷಕ್ಕೆ ಇಳಿಸಿ ಚಿತ್ರಮಂದಿರಗಳಲ್ಲಿ ತೋರಿಸಿದರು. ಇಡೀ ವರ್ಷದ ಎಲ್ಲ ರೇಸ್‌ಗಳನ್ನು ಜೋಡಿಸಿ ಇಡುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಹಾಗಾಗಿ ಇವತ್ತು ಆ ಕಾಲದ ರೇಸ್ ತಿಳಿಯೋಕೆ ಆಧಾರ ಅಂದ್ರೆ ಕೈಬರಹದ ಸುತ್ತುಪಟ್ಟಿ, ಪತ್ರಿಕಾ ವರದಿ, ಫೋಟೊ, ಮೆಕ್ಯಾನಿಕ್‌ಗಳ ನೆನಪು.

ಇದು ದೂರದ ಊರಿನ ಕಥೆ ಅಂತ ತಳ್ಳಿಹಾಕಬೇಡಿ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ ಹೊಡೆದ ಅಜೇಯ 175ರ ವಿಡಿಯೊ ಇಲ್ಲ. ಆ ದಿನ ಇನ್ನೊಂದು ತುದಿಯಲ್ಲಿ ಔಟಾಗದೆ ನಿಂತಿದ್ದ ನಮ್ಮ ಸೈಯದ್ ಕಿರ್ಮಾನಿಯ 24 ರನ್ನೂ ಯಾರೂ ಮತ್ತೆ ನೋಡೋಕೆ ಆಗಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ಸತಿ ಸುಲೋಚನಾದ ಪ್ರಿಂಟ್ ಕೂಡ ಉಳಿದಿಲ್ಲ. ಕಾಪಾಡೋದು ಯಾರ ಹೊಣೆಯೂ ಅಲ್ಲ ಅಂತಾದರೆ ಎಲ್ಲ ಕಡೆ ಆಗೋದು ಇದೇ.

ಕೊನೆಯ ಮೂರು ತಿಂಗಳು

1966ರಲ್ಲಿ ಎಂಜಿನ್ ನಿಯಮ ಬದಲಾಗಿ ಲೋಟಸ್ ಹಿಂದೆ ಬಿತ್ತು. 1967ರಲ್ಲಿ ಲೋಟಸ್ 49 ಮತ್ತು ಕಾಸ್ವರ್ತ್ ಎಂಜಿನ್ ಜೋಡಿ ಜಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ಇಳಿದ ದಿನವೇ ಕ್ಲಾರ್ಕ್ ಗೆದ್ದ. ಅದೇ ವರ್ಷ ಮೊಂಝಾದಲ್ಲಿ ಟೈರ್ ಪಂಕ್ಚರ್ ಆಗಿ ಒಂದಿಡೀ ಸುತ್ತು ಹಿಂದೆ ಬಿದ್ದ. ಎಲ್ಲರನ್ನೂ ಮತ್ತೆ ದಾಟಿ, ಕೊನೆಯ ಸುತ್ತಿಗೆ ಮೊದಲಿಗನಾಗಿ ಹೊರಟ. ಅಷ್ಟರಲ್ಲಿ ಇಂಧನ ಎಂಜಿನ್‌ಗೆ ತಲುಪದೆ ಮೂರನೆಯವನಾದ. ಗೆಲ್ಲದೇ ಹೋದ ಈ ರೇಸನ್ನೇ ಅವನ ಅತ್ಯುತ್ತಮ ರೇಸ್ ಅಂತ ಹೇಳುವವರು ಬಹಳ ಮಂದಿ.

1968ರ ಜನವರಿ 1. ದಕ್ಷಿಣ ಆಫ್ರಿಕಾದ ಕ್ಯಾಲಾಮಿ. ಕ್ಲಾರ್ಕ್ ತನ್ನ 25ನೇ ಗ್ರ್ಯಾನ್ ಪ್ರಿ ಗೆದ್ದು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ಅವರ 24 ಗೆಲುವಿನ ದಾಖಲೆ ಮುರಿದ. 72 ರೇಸ್‌ಗಳಲ್ಲಿ 25 ಗೆಲುವು, 33 ಸಲ ಮೊದಲ ಸ್ಥಾನದಿಂದ ಆರಂಭ. ದಾಖಲೆ ಮುರಿದ ದೇಶದಲ್ಲಿ ಆಗಲೂ ಟಿವಿ ಇರಲಿಲ್ಲ.

ಅದೇ ರೇಸ್‌ನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಬಿಳಿಯರ ಆಳ್ವಿಕೆಯ ರೊಡೇಶಿಯಾದಿಂದ ಬಂದಿದ್ದ ಜಾನ್ ಲವ್, ಗನ್‌ಸ್ಟನ್ ಸಿಗರೇಟಿನ ಬಣ್ಣ ಬಳಿದ ಕಾರು ಓಡಿಸಿದ. ಅಲ್ಲಿಯವರೆಗೆ ಕಾರುಗಳ ಮೇಲೆ ಇರುತ್ತಿದ್ದುದು ದೇಶದ ಬಣ್ಣ: ಬ್ರಿಟನ್‌ಗೆ ಹಸಿರು, ಇಟಲಿಗೆ ಕೆಂಪು. ಮೂರೇ ವಾರದಲ್ಲಿ, ಜನವರಿ 20ರಂದು ನ್ಯೂಜಿಲೆಂಡಿನಲ್ಲಿ, ಕ್ಲಾರ್ಕ್‌ನ ಲೋಟಸ್ ಕೂಡ ಹಸಿರು ಕಳಚಿ ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ, ಚಿನ್ನದ ಬಣ್ಣಕ್ಕೆ ತಿರುಗಿತು. ಬ್ರಿಟನ್ 1965ರಲ್ಲೇ ಟಿವಿಯಲ್ಲಿ ಸಿಗರೇಟ್ ಜಾಹೀರಾತು ನಿಷೇಧಿಸಿತ್ತು. ಜಾಹೀರಾತು ಕೊಡೋಕೆ ಆಗದಿದ್ದರೇನಂತೆ, ಕ್ಯಾಮೆರಾ ಹಿಂಬಾಲಿಸುವ ಕಾರಿಗೇ ಪ್ಯಾಕೆಟ್ಟಿನ ಬಣ್ಣ ಬಳಿದರಾಯಿತು. ಮುಂದಿನ ದಶಕಗಳಲ್ಲಿ ಈ ಆಟವನ್ನು ಟಿವಿಯೂ ಸಿಗರೇಟಿನ ದುಡ್ಡೂ ಸೇರಿ ಬೆಳೆಸಿದವು. ರೇಸ್ ದೃಶ್ಯಕ್ಕೆ ಬೆಲೆ ಬಂತು, ಟೇಪು ಅಳಿಸೋದು ನಿಂತಿತು. ಬೆಲೆ ಬರೋ ಮೊದಲೇ ಸತ್ತವನು ಕ್ಲಾರ್ಕ್.

ಹಾಕನ್‌ಹೈಮ್‌ನಲ್ಲೂ ಅವನು ಓಡಿಸುತ್ತಿದ್ದುದು ಅದೇ ಬಣ್ಣದ ಕಾರು. ಹಿಂದಿನ ಟೈರಿನ ಗಾಳಿ ಮೆಲ್ಲಗೆ ಇಳಿದು, ವೇಗದಲ್ಲಿ ಟೈರ್ ಕಳಚಿರಬೇಕು ಅನ್ನೋದು ಪರಿಶೀಲನೆಯಿಂದ ಹೊರಬಂದ ಹೆಚ್ಚು ನಂಬಲರ್ಹ ವಿವರಣೆ. ಕಣ್ಣಾರೆ ನೋಡಿದವರು ಇಲ್ಲವೆನ್ನುವಷ್ಟು ಕಡಿಮೆ.

ಕ್ಲಾರ್ಕ್‌ನಂಥವನೇ ಸತ್ತ ಅಂದ್ರೆ ಇನ್ನು ನಮ್ಮ ಗತಿಯೇನು ಅನ್ನೋ ದಿಗಿಲು ಉಳಿದ ಚಾಲಕರಿಗೆ. ತಿಂಗಳು ತುಂಬುತ್ತಿದ್ದಂತೆ, ಮೇ 7ರಂದು, ಮೈಕ್ ಸ್ಪೆನ್ಸ್ ಸತ್ತ. ಜೂನ್ 8ರಂದು ಲುಡೊವಿಕೊ ಸ್ಕಾರ್ಫಿಯೊಟ್ಟಿ. ಜುಲೈ 7ರಂದು ಜೋ ಶ್ಲೆಸರ್. ನಾಲ್ಕು ತಿಂಗಳಲ್ಲಿ ನಾಲ್ವರು. ಕ್ಲಾರ್ಕ್‌ನ ಗೆಳೆಯ, ಇನ್ನೊಬ್ಬ ಸ್ಕಾಟ್ ಜಾಕಿ ಸ್ಟೀವರ್ಟ್, ತಡೆಬೇಲಿ, ಆಂಬುಲೆನ್ಸ್, ಸರಿಯಾದ ವೈದ್ಯಕೀಯ ವ್ಯವಸ್ಥೆ ಬೇಕು ಅಂತ ಹೋರಾಟಕ್ಕೆ ನಿಂತ. ಹೇಡಿ ಅಂತ ಬೈಸಿಕೊಂಡ. ಆದರೂ ಚಾಲಕರು ಒಟ್ಟಾಗಿ 1969ರಲ್ಲಿ ಸ್ಪಾದಲ್ಲಿ ಓಡಿಸಲ್ಲ ಅಂದರು, 1970ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಓಡಿಸಲ್ಲ ಅಂದರು. ಎರಡು ರೇಸ್‌ಗಳೂ ಆ ಜಾಗಗಳಲ್ಲಿ ನಡೆಯಲಿಲ್ಲ. ಸರಳವಾಗಿ ಹೇಳಬೇಕಂದ್ರೆ ಇದು ಕೆಲಸಗಾರರ ಮುಷ್ಕರ. ಕೆಲಸದ ಜಾಗ ಸುರಕ್ಷಿತವಾಗಿರಬೇಕು ಅನ್ನೋ ಅದೇ ಹಳೆಯ ಬೇಡಿಕೆ. ಹಾಕನ್‌ಹೈಮ್‌ಗೂ ಆಮೇಲೆ ತಡೆಬೇಲಿ ಬಂತು, ವೇಗ ತಗ್ಗಿಸುವ ತಿರುವುಗಳು ಬಂದವು.

ಗಮನಿಸಿ, ಕ್ಲಾರ್ಕ್ ಸಾವಿನ ಒಂದು ಸೆಕೆಂಡಿನ ದೃಶ್ಯವೂ ಇರಲಿಲ್ಲ. ಆದರೂ ಅದು ಚಾಲಕರನ್ನು ಒಟ್ಟು ಸೇರಿಸಿತು. ಮೊಂಝಾದ ದುರಂತಕ್ಕೆ ದೃಶ್ಯವಿತ್ತು, ಆದರೂ ಆ ದಿನ ರೇಸ್ ಕೂಡ ನಿಲ್ಲಲಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಹಾಕಿದರೆ ನ್ಯಾಯ ತಾನಾಗಿ ಬರುತ್ತದೆ ಅಂತ ನಂಬಿರುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು. ದೃಶ್ಯ ಬೇಕು, ಅದನ್ನು ಕಾಪಾಡಲೂ ಬೇಕು. ಆದರೆ ಅದನ್ನಿಟ್ಟುಕೊಂಡು ಜೊತೆ ನಿಂತು ಕೇಳುವ ಜನ ಇಲ್ಲದಿದ್ದರೆ ಅದು ಬರೀ ದೃಶ್ಯವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ನಮ್ಮ ಹೋರಾಟಗಳ ವಿಡಿಯೊಗಳು ಇವತ್ತು ಇರೋದು ನಾಲ್ಕೈದು ದೊಡ್ಡ ಕಂಪನಿಗಳ ಸರ್ವರ್‌ಗಳಲ್ಲಿ. ಒಂದು ಖಾತೆ ಬಂದ್ ಆದರೆ ವರ್ಷಗಳ ದಾಖಲೆ ಹೋಯಿತು. 60ರ ದಶಕದ ಟಿವಿ ಕಚೇರಿಗೆ ಟೇಪಿನ ಬೆಲೆ ಹೇಗಿತ್ತೋ, ಈ ಕಂಪನಿಗಳಿಗೆ ಸರ್ವರ್ ಖರ್ಚು ಹಾಗೆಯೇ. ಲೆಕ್ಕ ಬದಲಾದ ದಿನ ಅವರೂ ಅಳಿಸುತ್ತಾರೆ. ಊರಿನ ಗ್ರಂಥಾಲಯ, ಕಾಲೇಜು, ಸಂಘಟನೆಯ ಕಚೇರಿ, ಎಲ್ಲಾದರೂ ಸರಿ, ನಮ್ಮದೇ ಒಂದು ಪ್ರತಿ ಇಟ್ಟುಕೊಳ್ಳೋದು ಈಗಿಂದೀಗ ಮಾಡಬಹುದಾದ ಕೆಲಸ.

ಕ್ಲಾರ್ಕ್ ವಿಷಯದಲ್ಲಿ ಆ ಕೆಲಸ ಮಾಡಿದ್ದು ಅವನ ಸೀಮೆಯ ಜನ. ಚರ್ನ್‌ಸೈಡ್ ಪಕ್ಕದ ಡನ್ಸ್ ಅನ್ನೋ ಪುಟ್ಟ ಪಟ್ಟಣದ ಮ್ಯೂಸಿಯಂನಲ್ಲಿ ಅವನ ಟ್ರೋಫಿಗಳಿವೆ. ಚರ್ನ್‌ಸೈಡ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಹೆಸರಿನ ಜೊತೆ ಮೊದಲು ಕೆತ್ತಿಸಿರೋದು ರೈತ ಅಂತ. ವಿಶ್ವ ಚಾಂಪಿಯನ್ ಅನ್ನೋದು ಅದರ ನಂತರ.